ಕೀಬೋರ್ಡ್ ಕೀಗಳ ಮೇಲಿನ ಸ್ಟಿಕ್ಕರ್ ತೆಗೆಯಿರಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್, ನಿಟ್ಟುವಳ್ಳಿ, ಎಲ್ಲೆಡೆ ಮಕ್ಕಳು ಸಂಗೀತದ ಕೀಬೋರ್ಡ್ ನುಡಿಸಲು ಕಲಿಯುತ್ತಿದ್ದಾರೆ. ಸಂತೋಷವೇ. ಆದರೆ ಕಲಿಕೆಯಲ್ಲಿ ಎರಡು ಅಡ್ಡದಾರಿಗಳು ರೂಢಿಯಾಗಿಬಿಟ್ಟಿವೆ. ಒಂದು, ಕೀಗಳ ಮೇಲೆ ಸ್ವರದ ಹೆಸರಾದ ಇಂಗ್ಲಿಷ್ ಅಕ್ಷರದ (ಎ ಯಿಂದ ಜಿ ವರೆಗೆ) ಸ್ಟಿಕ್ಕರ್ ಅಂಟಿಸುವುದು. ಇನ್ನೊಂದು, ಪುಸ್ತಕದಲ್ಲಿ ಪ್ರತಿ ನೋಟ್ (ಸ್ವರಚಿಹ್ನೆ) ಕೆಳಗೂ ಪೆನ್ಸಿಲ್‌ನಲ್ಲಿ ಸ ರಿ ಗ ಮ ಬರೆದುಕೊಡುವುದು. ಇವು ಇರುವವರೆಗೆ ಮಗುವಿನ ಕಣ್ಣು ನೋಟ್ ಬರೆಯುವ ಐದು ಗೆರೆಗಳ, ಅಂದರೆ ಸ್ಟಾಫ್‌ನ, ಕಡೆ ಹೋಗುವುದೇ ಇಲ್ಲ. ಗ್ರೇಡ್ ಪರೀಕ್ಷೆಯ ಸೈಟ್ ರೀಡಿಂಗ್‌ನಲ್ಲಿ ಗುರುತಿಲ್ಲದ ತುಣುಕನ್ನು ಮುಂದಿಟ್ಟು, ಅರ್ಧ ನಿಮಿಷ ನೋಡಿಕೊಂಡು ನುಡಿಸು ಎಂದಾಗ ಬಂಡವಾಳ ಬಯಲಾಗುತ್ತದೆ.

ಸ ರಿ ಗ ಮ ಬರೆದುಕೊಟ್ಟರೆ ಹೆಚ್ಚು ತಬ್ಬಿಬ್ಬಾಗುವವರು ಹಾಡುಗಾರಿಕೆ ಕಲಿತ ಮಕ್ಕಳೇ. ನಮ್ಮ ಸಂಗೀತದಲ್ಲಿ ಷಡ್ಜ, ಅಂದರೆ ಸ, ಹಾಡುವವರ ಶ್ರುತಿಯ ಜೊತೆ ಜಾಗ ಬದಲಿಸುತ್ತದೆ. ಸ್ಟಾಫ್ ಮೇಲಿನ ನೋಟ್ ಬದಲಿಸುವುದಿಲ್ಲ. ಸಿ ಎಂದರೆ ಸ ಎಂದು ಕಟ್ಟುಹಾಕಿದ ಮಗು ಜಿ ಯೇ ಆಧಾರ ಸ್ವರವಾಗಿರುವ ಜಿ ಮೇಜರ್ ಪಾಠಕ್ಕೆ ಬರಲಿ. ಜಿ ಬಂದಾಗ ಕಿವಿ ‘ಇದೇ ಸ’ ಎನ್ನುತ್ತದೆ, ಪೆನ್ಸಿಲ್ ಬರಹ ‘ಪ’ ಎನ್ನುತ್ತದೆ. ಎಫ್ ಶಾರ್ಪ್ (ಎಫ್‌ನ ಬಲಕ್ಕಿರುವ ಕಪ್ಪು ಕೀ) ಕೆಳಗೆ ಬರೀ ‘ಮ’ ಇದ್ದರೆ ಶುದ್ಧ ಮಧ್ಯಮವೋ ಪ್ರತಿ ಮಧ್ಯಮವೋ ತಿಳಿಯದೆ ಬಿಳಿ ಕೀ ಒತ್ತುತ್ತದೆ.

ಗೆರೆಗಳಿಗೆ ಇ ಜಿ ಬಿ ಡಿ ಎಫ್, ಸಂದುಗಳಿಗೆ ಎಫ್ ಎ ಸಿ ಇ ಎಂದು ನೆನಪಿಡಲು, ಪದಗಳ ಮೊದಲಕ್ಷರ ಹೊಂದುವ ಇಂಗ್ಲಿಷ್ ವಾಕ್ಯ ಉರು ಹೊಡೆಸುವುದೂ ಅರ್ಧ ಮದ್ದು ಮಾತ್ರ. ಮೇಲಿನ ಗೆರೆಯ ಎಫ್ ಬೇಕೆಂದರೆ ಐದು ಪದ ಹೇಳಿ ಮುಗಿಯಬೇಕು. ನಿಮಿಷಕ್ಕೆ 60 ಎಣಿಕೆಯ ನಿಧಾನ ವೇಗದಲ್ಲೂ ಒಂದು ಕ್ರಾಚೆಟ್‌ಗೆ (ಒಂದು ಎಣಿಕೆಯ ನೋಟ್‌ಗೆ) ಸಿಗುವುದು ಒಂದೇ ಸೆಕೆಂಡು. ಜಯದೇವ ಸರ್ಕಲ್ ಪಕ್ಕದ ಮನೆಗೆ ಹೋಗುವವರು ಹಳೇ ಬಸ್ ಸ್ಟ್ಯಾಂಡಿನಿಂದ ಗಲ್ಲಿ ಎಣಿಸುತ್ತಾ ಬರುತ್ತಾರೆಯೇ?

ಮೂರು ಗುರುತು ಸಾಕು. ಸ್ಟಾಫ್ ಆರಂಭದಲ್ಲಿರುವ ಟ್ರೆಬಲ್ ಕ್ಲೆಫ್ ಚಿಹ್ನೆಯ ಸುರುಳಿ ಸುತ್ತಿಕೊಂಡಿರುವ ಎರಡನೇ ಗೆರೆ ಜಿ. ಸ್ಟಾಫ್ ಕೆಳಗೆ ಒಂದು ತುಂಡು ಗೆರೆ ನಡುವೆ ಹಾಯ್ದಿರುವ ನೋಟ್ ಮಿಡಲ್ ಸಿ. ಮೂರನೇ ಸಂದಿನಲ್ಲಿರುವುದು ಅದರ ಮೇಲಿನ ಸಿ. ಎಣಿಕೆ ಯಾವಾಗಲೂ ಕೆಳಗಿನಿಂದ; ಮೇಲಿನಿಂದ ಎಣಿಸುವ ಮಕ್ಕಳೇ ಹೆಚ್ಚು, ಹಾಗೆ ಎಣಿಸಿದರೆ ಜಿ ಇದ್ದಲ್ಲಿ ಡಿ ಆಗುತ್ತದೆ. ಕೀಗಳಿಗೂ ಸ್ಟಿಕ್ಕರ್ ಬೇಕಿಲ್ಲ: ಜೋಡಿ ಕಪ್ಪು ಕೀಗಳ ಎಡಕ್ಕೆ ಸಿ, ಮೂರು ಕಪ್ಪು ಕೀಗಳ ಎಡಕ್ಕೆ ಎಫ್. ಸಾಮಾನ್ಯ 61 ಕೀಗಳ ಕೀಬೋರ್ಡಿನಲ್ಲಿ ಎಡದಿಂದ ಮೂರನೇ ಸಿ, ಮಿಡಲ್ ಸಿ. ಅಂಟಿಸಿದ ಸ್ಟಿಕ್ಕರ್ ಕಿತ್ತ ಮೇಲೆ ಅಂಟು ಉಳಿದರೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ. ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಹಾಳಾಗುತ್ತದೆ.

ಉಳಿದ ನೋಟ್‌ಗಳನ್ನು ಅಂತರದಿಂದ ಓದಿಸಬೇಕು. ಗೆರೆಯಿಂದ ಪಕ್ಕದ ಸಂದಿಗೆ ಹೋದರೆ ಪಕ್ಕದ ಬಿಳಿ ಕೀ. ಗೆರೆಯಿಂದ ಮುಂದಿನ ಗೆರೆಗೆ, ಅಥವಾ ಸಂದಿನಿಂದ ಮುಂದಿನ ಸಂದಿಗೆ ಹೋದರೆ ನಡುವೆ ಒಂದು ಬಿಳಿ ಕೀ ಬಿಡಬೇಕು. ಮಿಡಲ್ ಸಿ ಯಿಂದ ಮೇಲಿನ ಗೆರೆಯ ಎಫ್‌ವರೆಗೆ ಒಟ್ಟು 11 ನೋಟ್. ಒಂದೊಂದನ್ನು ಒಂದೊಂದು ಕಾರ್ಡಿನಲ್ಲಿ, ಗೆರೆಗಳ ನಡುವೆ 1 ಸೆಂ.ಮೀ. ಜಾಗ ಬಿಟ್ಟು, ದೊಡ್ಡದಾಗಿ ಬರೆಯಿರಿ. ಮೊದಲ ವಾರ ಆ ಮೂರೇ ಕಾರ್ಡು, ಆಮೇಲೆ ಅವುಗಳ ನೆರೆಹೊರೆ. ಕಾರ್ಡ್ ತೋರಿಸಿದಾಗ ಮಗು ಹೆಸರು ಹೇಳಿದರೆ ಸಾಲದು, ಎರಡು ಸೆಕೆಂಡಿನೊಳಗೆ ಸರಿಯಾದ ಕೀ ಒತ್ತಬೇಕು. ದಿನಕ್ಕೆ ಹತ್ತು ನಿಮಿಷ ಧಾರಾಳ. ಕಣ್ಣು ಪದೇ ಪದೇ ಬೆರಳಿಗೆ ಇಳಿಯುತ್ತಿದ್ದರೆ ಕೈ ಮೇಲೆ ಟವೆಲ್ ಹಾಸಿ ನುಡಿಸಲಿ. ತಡವರಿಸುತ್ತದೆ, ತಡವರಿಸಲಿ ಬಿಡಿ.

ಕೀ ಸಿಗ್ನೇಚರ್‌ನಲ್ಲಿ, ಅಂದರೆ ಸಾಲಿನ ಆರಂಭದಲ್ಲಿ ಕ್ಲೆಫ್ ಪಕ್ಕ ಬರೆಯುವ ಶಾರ್ಪ್, ಫ್ಲಾಟ್ ಗುರುತುಗಳಲ್ಲಿ, ಮೇಲಿನ ಗೆರೆಯ ಮೇಲೆ ಶಾರ್ಪ್ ಬರೆದಿದ್ದರೆ ಮೊದಲ ಸಂದಿನ ಎಫ್ ಕೂಡ ಶಾರ್ಪೇ. ಮಕ್ಕಳು ಮೇಲಿನದನ್ನಷ್ಟೇ ನೆನಪಿಡುತ್ತಾರೆ. ಬಾರ್ (ಎರಡು ಅಡ್ಡಗೆರೆಗಳ ನಡುವಿನ ಭಾಗ) ನಡುವೆ ಬರುವ ಶಾರ್ಪ್ ಮಾತ್ರ ಆ ಬಾರ್ ಮುಗಿಯುವವರೆಗೆ. ಇನ್ನು ನೋಟ್‌ನ ಕಡ್ಡಿ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕೂ ಸ್ವರಕ್ಕೂ ಸಂಬಂಧವಿಲ್ಲ, ಅದು ಬರವಣಿಗೆಯ ಅಂದಕ್ಕೆ.

ಕೊನೆಗೆ ಬೇಸಿಗೆ ಶಿಬಿರ ನಡೆಸುವವರಲ್ಲಿ ಒಂದು ಕೋರಿಕೆ. ನೋಟೇಶನ್ ಪುಟವನ್ನು ಕಿರಿದು ಮಾಡಿ, ಜೆರಾಕ್ಸಿನ ಜೆರಾಕ್ಸ್ ತೆಗೆದು ಹಂಚಬೇಡಿ. ಗೆರೆ ಅಲ್ಲಲ್ಲಿ ತುಂಡಾಗಿ, ಗೆರೆ ಮೇಲಿನ ನೋಟ್ ಸಂದಿನದಂತೆ ಕಾಣುತ್ತದೆ. ಮಿಡಲ್ ಸಿ ಯ ತುಂಡು ಗೆರೆ ಮಾಯವಾದರೆ ಅದೂ ಪಕ್ಕದ ಡಿ ಯೂ ಒಂದೇ ಆಗಿಬಿಡುತ್ತವೆ. ಒಂದು ಪುಟವನ್ನು ಎ3ಗೆ ಹಿಗ್ಗಿಸಿ ಗೋಡೆಗೆ ಹಾಕಿದರೆ ಹತ್ತು ಮಕ್ಕಳು ಒಟ್ಟಿಗೆ ಓದಬಹುದು.

– ಕೀಬೋರ್ಡ್ ಶಿಕ್ಷಕರು, ದಾವಣಗೆರೆ