ಚೋಕೆಕಿರಾವ್ ಚಾರಣದಲ್ಲಿ ನಮಗೆ ಸಿಗದೇ ಹೋದ ಒಂದು ದಿನ: ಚಾರಣ ಸಂಸ್ಥೆಗೆ ದೂರು ಪತ್ರ

ಗೆ,
ವ್ಯವಸ್ಥಾಪಕರು,
ವಿದೇಶ ಚಾರಣ ವಿಭಾಗ, ಬೆಂಗಳೂರು ಕಚೇರಿ

ವಿಷಯ: ಪೆರು ದೇಶದ ಚೋಕೆಕಿರಾವ್ ಚಾರಣವನ್ನು 5 ದಿನದ ಬದಲು 4 ದಿನಕ್ಕೆ ಮುಗಿಸಿದ ಬಗ್ಗೆ ದೂರು ಮತ್ತು ಹಣ ವಾಪಸ್ ಕೋರಿಕೆ

ಮಾನ್ಯರೇ,

ನಾನು ಧಾರವಾಡದವನು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಕಳೆದ ಆಗಸ್ಟ್‌ನಲ್ಲಿ ನಾನು ಮತ್ತು ನನ್ನ ಹೆಂಡತಿ ನಿಮ್ಮ ಸಂಸ್ಥೆಯ ಮೂಲಕ ಪೆರುವಿನ ಹಳೆಯ ಇಂಕಾ ಸಾಮ್ರಾಜ್ಯದ ಹಾಳು ಪಟ್ಟಣವಾದ ಚೋಕೆಕಿರಾವ್‌ಗೆ ಹೋಗಿದ್ದೆವು. ಊರಿಗೆ ಬಂದ ಮೇಲೆ ನಿಮ್ಮ ಕಚೇರಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ "ನೋಟ್ ಮಾಡ್ಕೊಂಡಿದೀವಿ ಸರ್" ಅಂದರು. ಆಮೇಲೆ ಯಾರೂ ವಾಪಸ್ ಫೋನ್ ಮಾಡಲಿಲ್ಲ. ಅದಕ್ಕೇ ಈ ಪತ್ರ.

ನೀವು ಬರೆದು ಕೊಟ್ಟ ಕಾರ್ಯಕ್ರಮ ನನ್ನ ಮುಂದೆಯೇ ಇದೆ. ಮೊದಲ ದಿನ ಕುಸ್ಕೋ ನಗರದಿಂದ ಗಾಡಿಯಲ್ಲಿ ನಡಿಗೆ ಶುರುವಾಗುವ ಕಪುಲಿಯೋಕ್, ಅಲ್ಲಿಂದ ಇಳಿದು ಚಿಕಿಸ್ಕಾದಲ್ಲಿ ಟೆಂಟ್. ಎರಡನೇ ದಿನ ಅಪುರಿಮಾಕ್ ನದಿ ದಾಟಿ ಮಾರಂಪಾತಾ. ಮೂರನೇ ದಿನ ಬೆಳಗಿನಿಂದ ಸಂಜೆಯವರೆಗೆ ಚೋಕೆಕಿರಾವ್, ಲಾಮಾ (ಒಂಟೆ ಜಾತಿಯ, ಸಾಮಾನು ಹೊರುವ ಅಲ್ಲಿನ ಪ್ರಾಣಿ) ಚಿತ್ರಗಳಿರುವ ಮೆಟ್ಟಿಲು ಹೊಲಗಳೂ ಸೇರಿ. ರಾತ್ರಿ ಮತ್ತೆ ಮಾರಂಪಾತಾದಲ್ಲೇ. ನಾಲ್ಕು ಮತ್ತು ಐದನೇ ದಿನ ವಾಪಸ್. ಈ ಕಾರ್ಯಕ್ರಮ ನೋಡಿಯೇ ನಾವು ದುಡ್ಡು ಕಟ್ಟಿದ್ದು. ಇದಕ್ಕಿಂತ ಕಡಿಮೆ ದರದ 4 ದಿನದ ಚಾರಣವೂ ನಿಮ್ಮಲ್ಲಿತ್ತು. ಆ ಮೂರನೇ ದಿನಕ್ಕಾಗಿಯೇ ನಾವು ಅದನ್ನು ಬಿಟ್ಟು ಇದನ್ನು ತೆಗೆದುಕೊಂಡೆವು.

ಮೊದಲ ಎರಡು ದಿನದ ಬಗ್ಗೆ ನನ್ನದು ಒಂದು ತಕರಾರೂ ಇಲ್ಲ. ಊಟ ಚೆನ್ನಾಗಿತ್ತು. ನಾವು ಸಸ್ಯಾಹಾರಿಗಳು ಅಂತ ಅಡುಗೆಯವರು ನೆನಪಿಟ್ಟುಕೊಂಡು ಕಿನೋವಾ ಸೂಪ್, ಅನ್ನ, ಕಾಳು ಮಾಡಿ ಹಾಕಿದರು. ಹಾದಿ ಮಾತ್ರ ಕಠಿಣ. ಸುಮಾರು 2900 ಮೀಟರ್ ಎತ್ತರದ ಕಪುಲಿಯೋಕ್‌ನಿಂದ 1500 ಮೀಟರ್‌ನ ನದಿಯ ದಡಕ್ಕೆ ಇಳಿಯಬೇಕು. ಮತ್ತೆ ಎದುರಿನ ಗುಡ್ಡದಲ್ಲಿ ಅಷ್ಟೇ ಎತ್ತರಕ್ಕೆ ಹತ್ತಬೇಕು. ಕಣಿವೆಯ ಬಿಸಿಲು, ಧೂಳು, ಜೊತೆಗೆ ಅಲ್ಲಿಯವರು ಪೂಮಾ ವಕಾಚಿ ಅನ್ನುವ ಚಿಕ್ಕ ನೊಣ. ಪೂಮಾ ಅನ್ನುವ ಅಲ್ಲಿನ ದೊಡ್ಡ ಕಾಡುಬೆಕ್ಕಿಗೂ ಕಣ್ಣೀರು ಹಾಕಿಸುವಂಥದ್ದು ಅಂತ ಅದರರ್ಥವಂತೆ. ಕಾಲೆಲ್ಲ ದದ್ದು ಎದ್ದಿತ್ತು. ಇದೆಲ್ಲ ಗೊತ್ತಿದ್ದೇ ಹೋಗಿದ್ದು. ಎರಡು ವರ್ಷ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಇಳಿದು ತಯಾರಿ ಮಾಡಿಕೊಂಡಿದ್ದೆವು.

ಎರಡನೇ ದಿನ ರಾತ್ರಿ ಮಾರಂಪಾತಾದಲ್ಲಿ ಊಟ ಮುಗಿದ ಮೇಲೆ ಗೈಡ್ ಹೇಳಿದರು: "ನಾಳೆ ಬೆಳಿಗ್ಗೆ ಹತ್ತು ಗಂಟೆಗೇ ಚೋಕೆಕಿರಾವ್‌ನಿಂದ ವಾಪಸ್ ಹೊರಡಬೇಕು." ಯಾಕೆ ಅಂತ ಕೇಳಿದೆ. ನಾಡಿದ್ದು ಸಂಜೆಯೊಳಗೆ ಅವರು ಕುಸ್ಕೋದಲ್ಲಿ ಇರಬೇಕಂತೆ, ಅದರ ಮಾರನೇ ದಿನ ಇನ್ನೊಂದು ಗುಂಪು ಕಾಯುತ್ತಿದೆಯಂತೆ. ಆಫೀಸಿನವರು ಹೊರಡುವ ಮೊದಲೇ ಹೀಗೆ ಹೇಳಿ ಕಳಿಸಿದ್ದರಂತೆ. ಅಂದರೆ ಕಪುಲಿಯೋಕ್‌ನಲ್ಲಿ ಗಾಡಿ ಇಳಿಯುವಾಗಲೇ ನಿಮ್ಮವರಿಗೆ ಇದು ಗೊತ್ತಿತ್ತು. ನಮಗೆ ಹೇಳಿದ್ದು ವಾಪಸ್ ಹೋಗುವ ದಾರಿಯೇ ಇಲ್ಲದ ಜಾಗದಲ್ಲಿ.

ಬೆಳಿಗ್ಗೆ ಐದೂವರೆಗೆ ಹೊರಟು ಏಳೂವರೆಗೆ ಚೋಕೆಕಿರಾವ್ ಮುಟ್ಟಿದೆವು. ಅಲ್ಲಿ ಸಿಕ್ಕಿದ್ದು ಎರಡೂವರೆ ಗಂಟೆ. ಮುಖ್ಯ ಅಂಗಳ ನೋಡಿದೆವು. ತುದಿಯನ್ನು ಸಪಾಟು ಮಾಡಿರುವ ಗುಡ್ಡ ಹತ್ತಿದೆವು. ನೀರಿನ ಕಾಲುವೆಯ ಹತ್ತಿರ ನಿಂತು ಇದು ಎಲ್ಲಿಂದ ಬರುತ್ತದೆ ಅಂತ ನಾನು ಕೇಳುವಾಗ ಗೈಡ್ ಗಡಿಯಾರ ನೋಡುತ್ತಿದ್ದರು.

ಲಾಮಾ ಹೊಲಗಳಿಗೆ ಹೋಗಲೇ ಇಲ್ಲ.

ಅವು ಇರುವುದು ಅಂಗಳದ ಆಚೆ ಬದಿಯ ಕಡಿದಾದ ಇಳಿಜಾರಿನಲ್ಲಿ. ಮೆಟ್ಟಿಲು ಹೊಲದ ಬೂದು ಕಲ್ಲಿನ ಗೋಡೆಗಳ ನಡುವೆ ಬಿಳಿ ಕಲ್ಲು ಕೂರಿಸಿ ಲಾಮಾಗಳ ಸಾಲು ಮಾಡಿದ್ದಾರೆ. ಕಾಡಿನೊಳಗಿಂದ ಅವು ಬೆಳಕಿಗೆ ಬಂದಿದ್ದೇ ಈ ಶತಮಾನದಲ್ಲಿ. ನಿಮ್ಮ ಕೈಪಿಡಿಯ ಮುಖಪುಟದಲ್ಲಿ ಇರುವುದು ಅದೇ ಚಿತ್ರ! ನನ್ನ ಹೆಂಡತಿ ಕಸೂತಿ ಹಾಕುತ್ತಾಳೆ. ಆ ಚಿತ್ರ ನೋಡಿದ ದಿನವೇ "ಕಸೂತಿ ಹಾಕಿದಂಗ ಐತಲ್ರೀ" ಅಂದಿದ್ದಳು. ಆ ಹಾಳೆಯನ್ನು ಕತ್ತರಿಸಿ, ಎಳೆ ಲೆಕ್ಕ ಹಾಕಲು ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಳು. ಕೆಳಗಿಳಿಯುವ ದಾರಿಯ ಬಾಯಿಗೆ ಹೋಗಿ ಇಬ್ಬರೂ ನಿಂತೆವು. ಅಲ್ಲಿಂದ ಏನೂ ಕಾಣುವುದಿಲ್ಲ, ಇಳಿಯಲೇಬೇಕು. ಇಳಿದು ಹತ್ತಲು ಟೈಮ್ ಇಲ್ಲ ಅಂದರು ಗೈಡ್. ಅವಳು ಆ ಹಾಳೆಯನ್ನು ಮಡಚಿ ಒಳಗಿಟ್ಟು "ಇರ್ಲಿ ಬಿಡ್ರೀ, ನಡೀರಿ" ಅಂದಳು. ಮನೆಗೆ ಬಂದು ತಿಂಗಳುಗಳೇ ಕಳೆದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಒಂದು ದಿನ ತಾನೇ ಹೋಗಿದ್ದು ಅಂತ ನಿಮಗೆ ಅನ್ನಿಸಬಹುದು. ಇಂಕಾಗಳ ಇನ್ನೊಂದು ಹಾಳು ಪಟ್ಟಣವಾದ ಮಾಚು ಪಿಚು ಆಗಿದ್ದರೆ ಮರುದಿನ ರೈಲು ಹತ್ತಿ ಇನ್ನೊಮ್ಮೆ ಹೋಗಿ ಬರಬಹುದಿತ್ತು. ಚೋಕೆಕಿರಾವ್‌ಗೆ ರೈಲಿಲ್ಲ, ರಸ್ತೆಯಿಲ್ಲ. ಹೋಗಿ ಬರಲು ಸುಮಾರು 60 ಕಿಲೋಮೀಟರ್ ಹಾದಿ. ನನಗೀಗ 63 ವರ್ಷ. ಇನ್ನೊಮ್ಮೆ ಹೋಗುವುದು ಸುಳ್ಳು.

ಮೂವತ್ತು ವರ್ಷ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದವನು ನಾನು. ಕಲ್ಲಿನ ರಥ ತೋರಿಸಿ, ಹಜಾರ ರಾಮ ದೇವಸ್ಥಾನಕ್ಕೂ ಮಹಾನವಮಿ ದಿಬ್ಬಕ್ಕೂ ಹೋಗದೆ ಬಸ್ ಹತ್ತಿಸಿದ್ದರೆ ಯಾವ ತಂದೆ ತಾಯಿಯೂ ನನ್ನನ್ನು ಸುಮ್ನೆ ಬಿಡುತ್ತಿರಲಿಲ್ಲ. ಪೆರುವಿಗೆ ಹೋಗುವ ಆಸೆ ಹುಟ್ಟಿದ್ದೂ ಹಂಪಿಯಿಂದಲೇ. ವಿಜಯನಗರ ಹಾಳಾಗಿದ್ದು 1565ರಲ್ಲಿ. ಇಂಕಾಗಳ ಕೊನೆಯ ನೆಲೆಯಾದ ವಿಲ್ಕಾಬಾಂಬಾ ಸ್ಪೇನಿನವರ ಕೈಗೆ ಬಿದ್ದು, ಕೊನೆಯ ಇಂಕಾ ಅರಸ ತುಪಾಕ್ ಅಮಾರುವನ್ನು ಕುಸ್ಕೋದಲ್ಲಿ ಕೊಂದಿದ್ದು 1572ರಲ್ಲಿ. ಬರೀ ಏಳು ವರ್ಷದ ಅಂತರ. ಅದೇ ವಿಲ್ಕಾಬಾಂಬಾದ ಬೆಟ್ಟಸಾಲಿನಲ್ಲೇ ಇದೆ ಚೋಕೆಕಿರಾವ್. ಈ ಎರಡು ಇಸವಿಗಳನ್ನು ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಪಾಠ ಮಾಡಿದವನಿಗೆ ಆ ಗೋಡೆಗಳ ನಡುವೆ ಒಂದು ಇಡೀ ದಿನ ಕಳೆಯಬೇಕು ಅನ್ನುವುದು ದೊಡ್ಡ ಆಸೆಯಲ್ಲ ಅಲ್ವಾ?

ಇನ್ನು ವಾಪಸ್ ದಾರಿ. ಎರಡು ದಿನಕ್ಕೆ ಹಂಚಿದ್ದ ಹಾದಿಯನ್ನು ಅವತ್ತು ಒಂದೇ ದಿನಕ್ಕೆ ನಡೆಸಿದಿರಿ. ಚಿಕಿಸ್ಕಾ ಮುಟ್ಟುವಾಗ ಕತ್ತಲಾಗಿ, ನನ್ನ ಹೆಂಡತಿಯ ಬಲ ಮಂಡಿ ಊದಿತ್ತು. ತುರ್ತಿಗೆ ಒಂದು ಸವಾರಿ ಹೇಸರಗತ್ತೆ ಜೊತೆಯಲ್ಲೇ ಇರುತ್ತದೆ ಅಂತ ಕೈಪಿಡಿಯಲ್ಲಿದೆ. ಇರಲಿಲ್ಲ. ಇದ್ದ ಎರಡೂ ಸಾಮಾನು ಹೊರುವವು. ಮಾರನೇ ದಿನ ಕಪುಲಿಯೋಕ್ ಹತ್ತಲು ಚಿಕಿಸ್ಕಾದಲ್ಲಿ ನಾವೇ 120 ಸೋಲ್ (ಪೆರುವಿನ ಹಣ) ಕೊಟ್ಟು ಒಂದು ಹೇಸರಗತ್ತೆ ಮಾಡಿಕೊಂಡೆವು. ಅವತ್ತು ಸಂಜೆಯೇ ಕುಸ್ಕೋದಲ್ಲಿ ಬಿಟ್ಟಿರಿ. ಒಂದು ದಿನ ಮೊದಲೇ ಬಂದದ್ದಕ್ಕೆ ಹೋಟೆಲ್ ಖರ್ಚೂ ನಮ್ಮದೇ ಆಯಿತು.

ನಮ್ಮ ಕೋರಿಕೆ ಇಷ್ಟು. 5 ದಿನದ ದರಕ್ಕೂ 4 ದಿನದ ದರಕ್ಕೂ ಇರುವ ವ್ಯತ್ಯಾಸ ಇಬ್ಬರಿಗೂ ವಾಪಸ್ ಕೊಡಿ. ಹೇಸರಗತ್ತೆಯ ಬಾಡಿಗೆ, ಕುಸ್ಕೋದ ಆ ಒಂದು ರಾತ್ರಿಯ ಹೋಟೆಲ್ ಬಿಲ್ ಕೊಡಿ. ರಸೀದಿಗಳನ್ನು ಲಗತ್ತಿಸಿದ್ದೇನೆ. ಕಾರ್ಯಕ್ರಮ ಬದಲಾಗಿದ್ದನ್ನು ನಮಗೆ ಯಾಕೆ ಮೊದಲೇ ಹೇಳಲಿಲ್ಲ ಅನ್ನುವುದಕ್ಕೆ ಬರವಣಿಗೆಯಲ್ಲಿ ಉತ್ತರ ಬೇಕು. ಮೂವತ್ತು ದಿನ ಕಾಯುತ್ತೇನೆ. ಆಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುತ್ತೇನೆ. ಗ್ರಾಹಕ ತಾನು ಇರುವ ಊರಲ್ಲೇ ದೂರು ಕೊಡಬಹುದು ಅಂತ ಆ ಕಾಯ್ದೆಯಲ್ಲಿದೆ.

ಕೊನೆಯದಾಗಿ ಒಂದು ಮಾತು. ಈ ಪತ್ರ ಓದಿ ಗೈಡ್ ಸಂಬಳಕ್ಕೆ ಕತ್ತರಿ ಹಾಕಬೇಡಿ. ಅವರು ನಿಮ್ಮವರು ಹೇಳಿದ್ದನ್ನೇ ಮಾಡಿದರು. ಹೇಸರಗತ್ತೆ ಹೊಡೆಯುವ ಹಿರಿಯರಂತೂ ಹಳೆ ಟೈರಿನ ಚಪ್ಪಲಿಯಲ್ಲೇ ಕತ್ತಲೆಯಲ್ಲಿ ಟಾರ್ಚ್ ಹಿಡಿದು, ನನ್ನ ಹೆಂಡತಿಯ ಕೈ ಬಿಡದೆ ಚಿಕಿಸ್ಕಾದವರೆಗೆ ಕರೆದುಕೊಂಡು ಬಂದರು. ಅವರಿಗೆ ಐದು ದಿನದ ಕೂಲಿ ಮಾತಾಗಿತ್ತಂತೆ. ಆ ಐದನೇ ದಿನದ ಕೂಲಿ ಅವರಿಗೆ ಸಿಕ್ಕಿದೆಯಾ ಅಂತ ನಿಮ್ಮ ಉತ್ತರದಲ್ಲಿ ತಿಳಿಸಿ.

ಇಂತಿ,
ನಿಮ್ಮ ಮೂಲಕ ಚೋಕೆಕಿರಾವ್‌ಗೆ ಹೋಗಿದ್ದ ದಂಪತಿಯ ಪರವಾಗಿ,
ಧಾರವಾಡ