ನಮ್ಮನ್ನೇ ಬಂದು ಕೇಳಿದವರಿಗೆ

ಇಲ್ಲಿ ಅಮೆರಿಕದಲ್ಲಿ ಸಭಾಪಾಲಕರಾಗಿರುವ ನಮ್ಮ ಮನೆಯವರ ಮೇಲೆ ಚರ್ಚಿನವರು ನಡೆಸಿದ ವಿಚಾರಣೆ ಹೋದ ತಿಂಗಳು ಮುಗಿಯಿತು. ಹುಬ್ಬಳ್ಳಿ, ಧಾರವಾಡದಿಂದ ಫೋನ್ ಮಾಡಿ "ಏನಾತವ್ವಾ?" ಅಂತ ಕೇಳಿದವರಿಗೆಲ್ಲ ಇಷ್ಟು ದಿನ ಅರ್ಧಂಬರ್ಧ ಹೇಳುತ್ತಿದ್ದೆ. ತೀರ್ಪು ಬರುವ ಮುಂಚೆ ಜಾಸ್ತಿ ಮಾತಾಡಬಾರದು ಅಂತ ಇಬ್ಬರೂ ನಿರ್ಧಾರ ಮಾಡಿದ್ದೆವು. ಈಗ ಪೂರ್ತಿ ಹೇಳಬಹುದು. ಥ್ಯಾಂಕ್ಸ್ ಕೂಡ ಹೇಳಬೇಕು.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವರಿಗೆ ಬಿಷಪ್ ಅಂದರೆ, ಒಂದು ಪ್ರದೇಶದ ಸಭೆಗಳಿಗೆಲ್ಲ ಮೇಲಿನವರು ಅಂತ ಗೊತ್ತು. ನಾವೀಗ ಇರುವುದು ಪ್ರೆಸ್ಬಿಟೇರಿಯನ್ ಅನ್ನುವ ಪ್ರಾಟೆಸ್ಟಂಟ್ ಪಂಗಡದಲ್ಲಿ; ಅಮೆರಿಕದ ಪ್ರೆಸ್ಬಿಟೇರಿಯನ್ನರಲ್ಲಿ ಅಂಥ ಬಿಷಪ್ ಇಲ್ಲ. ಒಂದು ಪ್ರದೇಶದ ಸಭಾಪಾಲಕರೂ ಸಭಾ ಹಿರಿಯರೂ ಸೇರಿದ ಪ್ರೆಸ್ಬಿಟರಿ ಇರುತ್ತದೆ. ಪಾಲಕರ ಮೇಲೆ ದೂರು ಬಂದರೆ ಅದೇ ನ್ಯಾಯಾಲಯ. ಇವರ ಮೇಲೆ ಬಂದದ್ದು ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂಬತ್ತನೇ ಆಜ್ಞೆ ಮೀರಿದ ದೂರು, ಸುಳ್ಳುಸಾಕ್ಷಿಯದು. ಒಬ್ಬ ಹೆಣ್ಣುಮಗಳು ಕೊಟ್ಟ ದೂರನ್ನು ಮೂವರು ಪಾಲಕರು ಮುಚ್ಚಿಟ್ಟಿದ್ದಾರೆ ಅಂತ ಇವರು ಪತ್ರ ಬರೆದು ಹಲವು ಸಭೆಗಳಿಗೆ ಕಳಿಸಿದ್ದರು. ಅದರಿಂದ ಆ ಮೂವರ ಮಾನ ಹೋಯಿತು ಅನ್ನುವುದು ಆರೋಪ.

ಪ್ರೆಸ್ಬಿಟೇರಿಯನ್ನರಿಗೆ ವೆಸ್ಟ್‌ಮಿನ್‌ಸ್ಟರ್ ದೊಡ್ಡ ಪ್ರಶ್ನೋತ್ತರಿ ಅಂತ ಒಂದಿದೆ, ಧರ್ಮದ ಬೋಧನೆಯನ್ನು ಪ್ರಶ್ನೆ ಉತ್ತರಗಳಲ್ಲಿ ಹೇಳುವ ಪುಸ್ತಕ. 1640ರ ದಶಕದಲ್ಲಿ ಲಂಡನ್ನಿನಲ್ಲಿ ಬರೆದದ್ದು. ಅದರ 145ನೇ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಈ ಆಜ್ಞೆಯನ್ನು ಮೀರುವ ಬಗೆಗಳ ಉದ್ದನೆಯ ಪಟ್ಟಿಯೇ ಇದೆ. ನ್ಯಾಯದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೂ ಪಾಪ. ಸತ್ಯವನ್ನೇ ಹೊತ್ತಲ್ಲದ ಹೊತ್ತಿನಲ್ಲಿ ಹೇಳುವುದೂ ಪಾಪ. ಎರಡೂ ಒಂದೇ ಉತ್ತರದಲ್ಲಿವೆ. ದೂರು ಕೊಟ್ಟವರೂ ಅದನ್ನೇ ಓದಿದರು, ನಮ್ಮ ಕಡೆಯವರೂ ಅದನ್ನೇ ಓದಿದರು. ಎಷ್ಟೋ ರಾತ್ರಿ ಅಡುಗೆಮನೆ ಟೇಬಲ್ಲಿನ ಹತ್ತಿರ ಕೂತು ನಾವಿಬ್ಬರೂ ಅದನ್ನೇ ಓದಿದ್ದೇವೆ. ನಮ್ಮ ಮನೆಯವರು ಯಾವ ಕಡೆ? ನನಗೆ ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತಿತ್ತು.

ಈ ಪಂಗಡದ ವಿಚಾರಣೆಯಲ್ಲಿ ವಕೀಲರು ವಾದ ಮಾಡುವಂತಿಲ್ಲ. ಪ್ರೆಸ್ಬಿಟರಿಯ ಸದಸ್ಯರೇ ಯಾರಾದರೂ ಜೊತೆಗೆ ನಿಲ್ಲಬೇಕು. ನಿವೃತ್ತರಾದ ಒಬ್ಬ ಹಿರಿಯ ಪಾಲಕರು ನಿಂತರು. ಮಂಡಿನೋವಿದ್ದರೂ ಮೂರು ಗಂಟೆ ಕಾರು ಓಡಿಸಿಕೊಂಡು ಬಂದರು. ಪ್ರಿನ್ಸ್‌ಟನ್ನಿನಲ್ಲಿ ಪಾಠ ಹೇಳಿದ್ದ ಗ್ರೆಶಮ್ ಮೇಚನ್ನರ ವಿಚಾರಣೆಯ ಕಥೆ ಹೇಳಿದವರು ಇವರೇ. 1935ರಲ್ಲಿ ವಿಚಾರಣೆ ಮಾಡಿದವರು ಮೇಚನ್ನರ ಮುಖ್ಯ ವಾದವನ್ನು ಕೇಳುವುದಕ್ಕೇ ಒಪ್ಪಲಿಲ್ಲವಂತೆ. 1936ರಲ್ಲಿ ಪಂಗಡದ ಮೇಲಿನ ಸಭೆಯಾದ ಜನರಲ್ ಅಸೆಂಬ್ಲಿಯೂ ಶಿಕ್ಷೆಯನ್ನು ಎತ್ತಿಹಿಡಿಯಿತು. "ನಿಮ್ಮ ಮಾತನ್ನು ಪೂರ್ತಿ ಕೇಳುವ ಹಾಗೆ ಮಾಡುವುದಷ್ಟೇ ನನ್ನ ಕೆಲಸ. ಗೆಲ್ಲಿಸುತ್ತೇನೆ ಅಂತ ಹೇಳಲಾರೆ" ಅಂದರು ಈ ಹಿರಿಯ ಪಾಲಕರು. ಅಯ್ಯನವರೇ, ನೀವು ಹೇಳಿದ ಹಾಗೇ ಮಾಡಿದಿರಿ.

ನನ್ನ ಇನ್ನೊಂದು ನಮಸ್ಕಾರ ಎದುರು ಪಕ್ಷದ ಸಾಕ್ಷಿಗೆ. ಚಿಕ್ಕ ವಯಸ್ಸಿನ ಪಾಲಕರು. ವಿಚಾರಣೆ ನಡೆದದ್ದು ಭಾನುವಾರದ ಶಾಲೆಯ ಕೋಣೆಯಲ್ಲಿ. ಮಕ್ಕಳು ಹತ್ತಿ ಅಂಟಿಸಿ ಮಾಡಿದ ಕುರಿಮರಿಗಳು ಗೋಡೆಯ ಮೇಲೆ ಹಾಗೇ ಇದ್ದವು. ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುವಾತನ ಮುಂದೆ ಸತ್ಯ ಹೇಳುತ್ತೇನೆ ಅಂತ ಅವರು ಪ್ರಮಾಣ ಮಾಡಿದರು. ಆ ಪತ್ರದಿಂದ ತಮ್ಮ ಹೆಂಡತಿ ಸಭೆಗೆ ಹೋಗುವುದನ್ನೇ ಬಿಟ್ಟರು ಅಂದರು. ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ, ಆ ಹೆಣ್ಣುಮಗಳ ದೂರನ್ನು ನೀವು ಓದಿದ್ದಿರಾ ಅಂತ ಕೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದರು. "ಓದಿದ್ದೆ. ನಾವು ಅವರಿಗೆ ಉತ್ತರ ಕೊಡಲಿಲ್ಲ" ಅಂದರು. ಆ ಮಾತಿನಿಂದ ಅವರಿಗೆ ನಷ್ಟವೇ ಆಯಿತು. ಆದರೂ ಹೇಳಿದರು.

ಮೂರು ಆರೋಪಗಳಲ್ಲಿ ಎರಡು ನಿಲ್ಲಲಿಲ್ಲ. ಒಂದು ನಿಂತಿತು. ಪತ್ರದಲ್ಲಿ ಹೆಸರಿದ್ದ ಒಬ್ಬರು ಆಗ ಆ ಹೆಣ್ಣುಮಗಳ ದೂರನ್ನು ನೋಡಬೇಕಿದ್ದ ಸಮಿತಿಯಲ್ಲೇ ಇರಲಿಲ್ಲ. ಒಂದು ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ಇವರು ಮಾಡಲಿಲ್ಲ. ಅದು ಇವರದೇ ತಪ್ಪು. ಶಿಕ್ಷೆ ಅಂದರೆ ಎಲ್ಲರೆದುರು ಬುದ್ಧಿವಾದ. ಇವರು ಒಪ್ಪಿಕೊಂಡರು, ಅಪೀಲು ಮಾಡಲಿಲ್ಲ. ಯಾರ ಹೆಸರು ಕೆಟ್ಟಿತೋ ಅವರ ಮನೆಗೇ ಹೋಗಿ ಕ್ಷಮೆ ಕೇಳಿದರು. ಆ ಪತ್ರ ಹೋದ ಸಭೆಗಳಿಗೆಲ್ಲ ತಿದ್ದುಪಡಿಯನ್ನೂ ಬರೆದರು. ಬಾಗಿಲು ತೆಗೆದು ನಮಗೆ ಕಾಫಿ ಕೊಟ್ಟ ಆ ದಂಪತಿಗೆ ಏನು ಹೇಳಲಿ? ಅವರಿಗೆ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಕೂರಿಸಿ ಮಾತಾಡಿಸಿದರು.

ಆ ಹೆಣ್ಣುಮಗಳ ದೂರನ್ನು ಈಗ ಹೊಸ ಸಮಿತಿ ನೋಡುತ್ತಿದೆ. ತಂಗೀ, ಇಷ್ಟು ದಿನ ಎಲ್ಲರೂ ನಮ್ಮ ಬಗ್ಗೆ ಮಾತಾಡಿದರು, ನಿನ್ನ ವಿಷಯ ಹಿಂದೆ ಬಿತ್ತು. ಆದರೂ ನೀನು ತಾಳಿಕೊಂಡೆ.

ಊರಿನಿಂದ ಫೋನ್ ಮಾಡಿದ ಚಿಕ್ಕಮ್ಮ, ಅತ್ತಿಗೆ, ಹಳೇ ಸಭೆಯ ಹಿರಿಯರು, ನಿಮ್ಮ ಕಿವಿಗೆ ಏನೇನೋ ಸುದ್ದಿ ಬಿದ್ದಿತ್ತು. ಅದನ್ನು ಮುಂದೆ ದಾಟಿಸದೆ ನಮ್ಮನ್ನೇ ಕೇಳಿದಿರಿ. ಆ ದಿನಗಳಲ್ಲಿ ಅದೆಷ್ಟು ದೊಡ್ಡದು ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ.

ಇಲ್ಲಿ ಪಕ್ಕದ ಬೀದಿಯಲ್ಲಿ ವಿಜಯಪುರದ ಒಂದು ಕುಟುಂಬ ಇದೆ. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ವಿಚಾರಣೆಯ ಪ್ರತಿ ದಿನ ಸಂಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಅಕ್ಕಾ, ನಿಮ್ಮ ನಾಲ್ಕು ಸ್ಟೀಲ್ ಡಬ್ಬಿ ನಮ್ಮಲ್ಲೇ ಇವೆ. ಖಾಲಿ ಡಬ್ಬಿ ಹೇಗೆ ಕೊಡಲಿ? ಶನಿವಾರ ಹೋಳಿಗೆ ಮಾಡುತ್ತಿದ್ದೇನೆ, ತರುತ್ತೇನೆ.