ಜಾತ್ರೆಯ ಬಲೂನಿಗೆ ಹೈಡ್ರೋಜನ್ ಬೇಡ

ಮಾನ್ಯರೇ,

ಕರಾವಳಿಯಲ್ಲಿ ಮತ್ತೆ ಜಾತ್ರೆ, ತೇರುಗಳ ಕಾಲ ಬಂದಿದೆ. ಕಳೆದ ವರ್ಷ ನಮ್ಮೂರ ತೇರಿನಲ್ಲಿ ಗ್ಯಾಸ್ ಬಲೂನು ಮಾರುವವರೊಬ್ಬರು ಕಬ್ಬಿಣದ ಸಿಲಿಂಡರಿಗೆ ಕಾಸ್ಟಿಕ್ ಸೋಡಾ, ನೀರು, ಅಲ್ಯೂಮಿನಿಯಂ ಚೂರು ಹಾಕಿ ಅಲ್ಲೇ ಗ್ಯಾಸ್ ತಯಾರಿಸುತ್ತಿದ್ದರು. ಅದು ಹೈಡ್ರೋಜನ್. ಸುತ್ತ ಮಕ್ಕಳು. ಪಕ್ಕದಲ್ಲೇ ಗೋಬಿ ಮಂಚೂರಿಯ ಒಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಸುಮ್ಮನಿರಲು ಆಗಲಿಲ್ಲ. ಕೇಳಿದ್ದಕ್ಕೆ, "ಹೀಲಿಯಂ ತುಂಬಾ ದುಬಾರಿ ಅಮ್ಮಾ. ಮತ್ತೆ ಅದು ಇದರಷ್ಟು ಎಳೆಯೋದೂ ಇಲ್ಲ" ಎಂದರು.

ದುಬಾರಿ ಎನ್ನುವುದು ನಿಜ. ಎಳೆಯುವ ಮಾತು ಮಾತ್ರ ಸರಿಯಲ್ಲ. ಬಲೂನನ್ನು ಗ್ಯಾಸ್ ಎಳೆಯುವುದಿಲ್ಲ, ಸುತ್ತಲಿನ ಗಾಳಿ ದೂಡುತ್ತದೆ. ಬಲೂನಿನ ತಳಕ್ಕೆ ತಾಗುವ ಗಾಳಿಯ ಒತ್ತಡ ನೆತ್ತಿಯಲ್ಲಿರುವುದಕ್ಕಿಂತ ಚೂರು ಜಾಸ್ತಿ. ಹಾಗಾಗಿ ಬಲೂನು ಎಷ್ಟು ಗಾಳಿಯ ಜಾಗ ಹಿಡಿದಿದೆಯೋ, ಆ ಗಾಳಿಯ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ. ಒಳಗೆ ಯಾವ ಗ್ಯಾಸ್ ಇದ್ದರೂ ಈ ಬಲ ಅಷ್ಟೇ.

ಲೆಕ್ಕ ನೋಡಿ. ಒಂದಡಿ ಅಗಲದ ಬಲೂನು ಸುಮಾರು 14 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟು ಗಾಳಿಯ ತೂಕ ಸುಮಾರು 16.5 ಗ್ರಾಂ. ಅಷ್ಟೇ ಜಾಗದ ಹೀಲಿಯಂ 2.3 ಗ್ರಾಂ, ಹೈಡ್ರೋಜನ್ 1.1 ಗ್ರಾಂ. ಹೀಲಿಯಂ ಎರಡು ಪಟ್ಟು ಭಾರ ಹೌದು, ಆದರೆ ಕಳೆದು ನೋಡಿದರೆ ಒಂದು 14 ಗ್ರಾಂ ಎತ್ತುತ್ತದೆ, ಇನ್ನೊಂದು 15 ಗ್ರಾಂ ಚಿಲ್ಲರೆ. ರಬ್ಬರು, ದಾರ ಎತ್ತಲು ಎರಡೂ ಧಾರಾಳ ಸಾಕು.

ಆ ಒಂದು ಗ್ರಾಂ ಲಾಭಕ್ಕೆ ಅಪಾಯ ಎಂಥದು! ಗಾಳಿಯಲ್ಲಿ ಶೇ 4ರಷ್ಟು ಹೈಡ್ರೋಜನ್ ಸೇರಿದರೂ ಕಿಡಿ ತಾಗಿ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನೊಳಗೆ ಸೋಡಾ, ಅಲ್ಯೂಮಿನಿಯಂ ಸೇರಿ ವಿಪರೀತ ಬಿಸಿಯಾಗುತ್ತದೆ, ಒತ್ತಡ ಹಿಡಿತ ತಪ್ಪಿದರೆ ಸಿಲಿಂಡರೇ ಸಿಡಿಯುತ್ತದೆ. ಆಗ ಮೊದಲು ಹೋಗುವುದು ಮಾರುವವರ ಜೀವವೇ ಅಲ್ವಾ? 1783ರಲ್ಲಿ ಪ್ಯಾರಿಸಿನಲ್ಲಿ ಜಾಕ್ ಚಾರ್ಲ್ಸ್ ಹೈಡ್ರೋಜನ್ ಬಲೂನು ಹಾರಿಸಿದಾಗ ಹೀಲಿಯಂ ಯಾರಿಗೂ ಗೊತ್ತಿರಲಿಲ್ಲ. ನಮಗೆ ಆ ನೆಪವೂ ಇಲ್ಲ.

ಜಾತ್ರೆ ಸಮಿತಿಯವರು, ಪಂಚಾಯಿತಿಯವರು ಅಂಗಡಿಗೆ ಜಾಗ ಕೊಡುವ ಮೊದಲೇ ಯಾವ ಗ್ಯಾಸ್ ಎಂದು ಕೇಳಲಿ. ಹೀಲಿಯಂ ಕೊಳ್ಳಲಾಗದ ಬಡ ವ್ಯಾಪಾರಿಗಳನ್ನು ಓಡಿಸುವುದು ಬೇಡ. ಪಂಪಿನಿಂದ ಗಾಳಿ ತುಂಬಿ, ಕಡ್ಡಿಗೆ ಕಟ್ಟಿ ಮಾರಲು ಅವರಿಗೆ ಒಳ್ಳೆಯ ಜಾಗವನ್ನೇ ಕೊಡಲಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಕುಂದಾಪುರ